ವನ್ಯಜೀವಿ ಪುನರ್ವಸತಿ ಕೇಂದ್ರದಲ್ಲಿ ಸ್ವಯಂಸೇವೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಏಪ್ರಿಲ್ ಬಂತೆಂದರೆ ನಮ್ಮ ಕೇಂದ್ರದ ಫೋನ್‌ಗೆ ಬಿಡುವಿಲ್ಲ. ಅಳಿಲು ಮರಿ, ಗೊರವಂಕದ ಮರಿ, ಬಿಸಿಲಿಗೆ ಸೋತು ಬಿದ್ದ ಹದ್ದು, ಒಂದರ ಹಿಂದೆ ಒಂದು. ಹೊಸ ಸ್ವಯಂಸೇವಕರು ಬರುವುದೂ ಅದೇ ಹೊತ್ತಿಗೆ. ಪ್ರಾಣಿಗಳ ಮೇಲೆ ಅವರಿಗಿರುವ ಪ್ರೀತಿಯಲ್ಲಿ ಒಂದಿಷ್ಟೂ ಕೊರತೆ ಇರುವುದಿಲ್ಲ. ಆದರೂ ಮೂರನೇ ವಾರದ ಹೊತ್ತಿಗೆ ತುಂಬಾ ಜನ ಕಾಣಿಸುವುದೇ ಇಲ್ಲ.

ಆರು ವರ್ಷದಿಂದ ಬೆಂಗಳೂರಿನ ಅಂಚಿನ ಒಂದು ಕೇಂದ್ರದಲ್ಲಿ ಭಾನುವಾರದ ಪಾಳಿ ಮಾಡುತ್ತಿದ್ದೇನೆ. ಹೊಸಬರಿಗೆ ಕೆಲಸ ಹೇಳಿಕೊಡುವುದೂ ನನ್ನ ಪಾಲಿಗೆ ಬಂದಿದೆ. ಬಿಟ್ಟು ಹೋದವರ ಜೊತೆ ಮಾತಾಡಿದಾಗ ಗೊತ್ತಾಗಿದ್ದು ಇಷ್ಟು: ಅವರು ಎಡವಿದ್ದು ಕ್ರಮದಲ್ಲಿ. ಲಸಿಕೆ ಹಾಕಿಸದೆ ಬಂದರು, ಸ್ವಚ್ಛತೆ ಕಲಿಯುವ ಮೊದಲೇ ಮರಿಗೆ ಹಾಲು ಕುಡಿಸಲು ಹೊರಟರು, ಬೇಜಾರು ಮಾಡಿಕೊಂಡು ಹೋದರು. ಅದಕ್ಕೇ ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಯಾವ ಥರದ ಕೇಂದ್ರ ಅಂತ ತಿಳಿದುಕೊಳ್ಳಿ

ಎಲ್ಲಾ ಕೇಂದ್ರಗಳ ಕೆಲಸವೂ ಒಂದೇ ಅಲ್ಲ. ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರದಲ್ಲಿ ಕರಡಿ ಕುಣಿಸುವವರಿಂದ ಬಿಡಿಸಿ ತಂದ ಕರಡಿಗಳನ್ನು ಸಾಕಿದ್ದಾರೆ. ಅವು ಮತ್ತೆ ಕಾಡಿಗೆ ಹೋಗುವ ಸ್ಥಿತಿಯಲ್ಲಿಲ್ಲ. ಅಲ್ಲಿನ ಕೆಲಸ ಜೀವನಪೂರ್ತಿ ಆರೈಕೆ. ಕೆಂಗೇರಿ ಕಡೆ ಇರುವ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆಯಂಥ ಕಡೆ ಹಾಗಲ್ಲ. ಊರಿನ ನಡುವೆ ಗಾಯಗೊಂಡ ಹದ್ದು, ಗೂಬೆ, ಹಾವು, ಕೋತಿಗಳಿಗೆ ಚಿಕಿತ್ಸೆ ಕೊಟ್ಟು ವಾಪಸ್ ಬಿಡುವುದೇ ಅಲ್ಲಿನ ಗುರಿ. ಬೀದಿನಾಯಿ, ದನಗಳ ಆಶ್ರಯ ಧಾಮ ಇನ್ನೊಂದೇ ಬಗೆ. ನಿಮಗೆ ಪ್ರಾಣಿಯನ್ನು ಮುದ್ದಿಸುವ ಆಸೆ ಇದ್ದರೆ ಅಲ್ಲಿಗೆ ಹೋಗಿ. ನಾಯಿಗಳಿಗೆ ಅದು ನಿಜವಾಗಿಯೂ ಬೇಕು.

ಕೇಂದ್ರಕ್ಕೆ ಒಮ್ಮೆ ಹೋಗಿ ನೋಡಿ. ಮೂರು ಪ್ರಶ್ನೆ ಕೇಳಿ: ಅರಣ್ಯ ಇಲಾಖೆಯ ಅನುಮತಿ ಇದೆಯಾ? ಪಶುವೈದ್ಯರು ಯಾರು, ಎಷ್ಟು ಹೊತ್ತು ಇರುತ್ತಾರೆ? ವಾಸಿಯಾದ ಪ್ರಾಣಿಯನ್ನು ಎಲ್ಲಿ, ಹೇಗೆ ಬಿಡುತ್ತೀರಿ? ಸರಿಯಾದ ಕಡೆ ಉತ್ತರ ತಡವರಿಸದೆ ಬರುತ್ತದೆ.

ಎಚ್ಚರಿಕೆಯ ಗುರುತುಗಳು: ಬಂದವರ ಕೈಗೆಲ್ಲ ಗೂಬೆ ಮರಿ ಕೊಟ್ಟು ಫೋಟೋ ತೆಗೆಯಲು ಬಿಡುವುದು. ದುಡ್ಡು ಕೊಟ್ಟರೆ ಮೊದಲ ದಿನವೇ ಪ್ರಾಣಿ ಮುಟ್ಟಲು ಅವಕಾಶ. ಹದ್ದಿನ ಪಂಜರದ ಎದುರೇ ಗಿಳಿ ಪಂಜರ ಇಟ್ಟಿರುವುದು. ಇದರಲ್ಲಿ ಒಂದನ್ನು ಕಂಡರೂ ವಾಪಸ್ ಬನ್ನಿ.

ಹಂತ 2: ಕಾನೂನು, ಬೇಕಾದಷ್ಟು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಪ್ರಾಣಿ ಸರ್ಕಾರದ ಸೊತ್ತು. ಅಂಥದ್ದೊಂದು ನಿಮ್ಮ ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ಕರ್ನಾಟಕದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926. ನೀವು ಸ್ವಯಂಸೇವಕರಾದ ಮಾತ್ರಕ್ಕೆ ಗಿಳಿಯನ್ನೋ ನಕ್ಷತ್ರ ಆಮೆಯನ್ನೋ ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ಬರುವುದಿಲ್ಲ. 'ಎರಡು ದಿನ ಮನೇಲಿ ನೋಡ್ಕೊಂಡು ಆಮೇಲೆ ತರ್ತೀನಿ' ಅನ್ನುವ ಮಾತೇ ಬೇಡ.

ಹಂತ 3: ಲಸಿಕೆ ಮೊದಲು, ಅರ್ಜಿ ಆಮೇಲೆ

ಜಾಸ್ತಿ ಜನ ತಪ್ಪುವುದು ಇಲ್ಲೇ. ರೇಬಿಸ್‌ಗೆ ಮುಂಚಿತವಾಗಿ ಹಾಕುವ ಲಸಿಕೆ ಮೂರು ಡೋಸ್: ಮೊದಲ ದಿನ, 7ನೇ ದಿನ, ಆಮೇಲೆ 21 ಅಥವಾ 28ನೇ ದಿನ. ಅಂದರೆ ಹತ್ತಿರ ಹತ್ತಿರ ಒಂದು ತಿಂಗಳು. ಬೇಸಿಗೆ ರಜೆಯಲ್ಲಿ ಕೆಲಸ ಮಾಡಬೇಕು ಅಂತ ಏಪ್ರಿಲ್‌ನಲ್ಲಿ ಲಸಿಕೆ ಶುರು ಮಾಡಿದರೆ ರಜೆಯೆಲ್ಲ ಅದರಲ್ಲೇ ಮುಗಿಯುತ್ತದೆ. ಫೆಬ್ರವರಿಯಲ್ಲೇ ಹಾಕಿಸಿ. ಧನುರ್ವಾಯು ಚುಚ್ಚುಮದ್ದು ಹಳೆಯದಾಗಿದ್ದರೆ ಅದನ್ನೂ ಹಾಕಿಸಿ. ಎರಡರ ಚೀಟಿಯನ್ನೂ ಫೋನ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಮೂರು ಡೋಸ್ ಆಯಿತು ಅಂತ ಕಚ್ಚಿಸಿಕೊಂಡು ಸುಮ್ನೆ ಕೂರುವ ಹಾಗಿಲ್ಲ. ಕೋತಿಯೋ ಬಾವಲಿಯೋ ಕಚ್ಚಿದರೆ, ಪರಚಿದರೆ, ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಅಂದಾಜಿಗೆ ಬಿಟ್ಟರೆ ಎರಡು ನಿಮಿಷಕ್ಕೇ ಕೈ ತೆಗೆಯುತ್ತೇವೆ. ಆಮೇಲೆ ಅದೇ ದಿನ ವೈದ್ಯರ ಹತ್ತಿರ ಹೋಗಿ. ಮೊದಲೇ ಲಸಿಕೆ ಆದವರಿಗೆ ಸಾಮಾನ್ಯವಾಗಿ ಆ ದಿನ ಒಂದು, 3ನೇ ದಿನ ಒಂದು ಡೋಸ್ ಸಾಕಾಗುತ್ತದೆ. ಅದನ್ನು ವೈದ್ಯರೇ ಹೇಳಲಿ. ಬೈಸಿಕೊಳ್ಳುತ್ತೇವೆ ಅನ್ನುವ ಭಯಕ್ಕೆ ಗಾಯ ಮುಚ್ಚಿಟ್ಟವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ರೇಬಿಸ್ ರೋಗ ಒಮ್ಮೆ ಕಾಣಿಸಿಕೊಂಡರೆ ಉಳಿಸುವ ಔಷಧಿ ಇಲ್ಲ.

ಮಲೆನಾಡಿನ ಕಡೆಯವರಿಗೆ ಇನ್ನೊಂದು ಮಾತು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಉಣುಗು. ಕಾಡಂಚಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಎಳೆದು ಹಾಕಬೇಡಿ. ಆರೋಗ್ಯ ಇಲಾಖೆಗೆ ಹೇಳಿ.

ಹಂತ 4: ಸಮಯ ಲೆಕ್ಕ ಹಾಕಿ, ಆಮೇಲೆ ಮಾತು ಕೊಡಿ

ವಾರಕ್ಕೆ ಒಂದೇ ಪಾಳಿ ಸಾಕು, ಆದರೆ ಅದು ತಪ್ಪಬಾರದು. ಆರು ತಿಂಗಳು ಬರುವ ಒಬ್ಬರು, ಹದಿನೈದು ದಿನ ದಿನಾ ಬರುವ ಐದು ಜನಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಕಾರಣ ಸರಳ. ಹೊಸಬರೊಬ್ಬರಿಗೆ ಕೆಲಸ ಕಲಿಸಲು ಹಳಬರೊಬ್ಬರ ತಿಂಗಳು ಹೋಗುತ್ತದೆ. ಕಲಿತ ಕೂಡಲೇ ನೀವು ಹೋದರೆ ಆ ತಿಂಗಳು ಪ್ರಾಣಿಗಳಿಂದ ಕಿತ್ತುಕೊಂಡ ಹಾಗೆ.

ಅರ್ಜಿಯಲ್ಲಿ 'ನನಗೆ ಪ್ರಾಣಿಗಳೆಂದರೆ ತುಂಬಾ ಇಷ್ಟ' ಅಂತ ಅರ್ಧ ಪುಟ ಬರೆಯಬೇಡಿ. ವಾರದ ಯಾವ ದಿನ, ಎಷ್ಟು ಗಂಟೆಗೆ ಬರಬಲ್ಲೆ, ಲಸಿಕೆ ಯಾವಾಗ ಮುಗಿಯಿತು, ಬೈಕ್ ಅಥವಾ ಕಾರು ಓಡಿಸಲು ಬರುತ್ತಾ, ಕನ್ನಡದ ಜೊತೆ ಯಾವ ಭಾಷೆ ಗೊತ್ತು, ಹೊಲಿಗೆ, ಮರಗೆಲಸ, ಲೆಕ್ಕ ಏನಾದರೂ ಬರುತ್ತಾ ಅಂತ ಬರೆಯಿರಿ. ಪಂಜರದ ಬಲೆ ಹೊಲಿಯಬಲ್ಲವರು ಸಿಕ್ಕರೆ ನಮಗೆ ಹಬ್ಬ. ಅಲರ್ಜಿ, ಉಬ್ಬಸ, ಗರ್ಭಿಣಿಯಾಗಿರುವುದು, ಇಂಥದ್ದನ್ನು ಮುಚ್ಚಿಡದೆ ಮೊದಲೇ ಹೇಳಿ. ಹಕ್ಕಿಯ ಪುಕ್ಕದ ಧೂಳು ಉಬ್ಬಸ ಇರುವವರಿಗೆ ನಿಜವಾಗಲೂ ಕಷ್ಟ ಕೊಡುತ್ತದೆ.

ತರಬೇಕಾದ್ದು: ಮೊಣಕಾಲು ಮುಚ್ಚುವ ಹಳೇ ಪ್ಯಾಂಟ್, ತುಂಬು ತೋಳಿನ ಅಂಗಿ, ಬೆರಳು ಮುಚ್ಚುವ ಶೂ, ಜಾಸ್ತಿ ಒಂದು ಜೊತೆ ಬಟ್ಟೆ, ಕಣ್ಣಿಗೆ ಸಾದಾ ಕನ್ನಡಕ. ಓಲೆ, ಬಳೆ, ಸರ ಮನೆಯಲ್ಲೇ ಇರಲಿ. ಸೆಂಟ್ ಹಾಕಿಕೊಳ್ಳಬೇಡಿ. ಕೇಂದ್ರದ ಶೂ, ಬಟ್ಟೆಯನ್ನು ಮನೆಯ ನಾಯಿ, ಕೋಳಿ, ಸಾಕುಹಕ್ಕಿಗಳ ಹತ್ತಿರ ಬಿಡಬೇಡಿ. ರೋಗ ಎರಡೂ ದಿಕ್ಕಿಗೆ ಹೋಗುತ್ತದೆ.

ಹಂತ 5: ಮೊದಲ ತಿಂಗಳು, ಪೊರಕೆ ಮತ್ತು ತಕ್ಕಡಿ

ಬರೀ ಗಲೀಜು ತೊಳೆಸುತ್ತಾರೆ ಅಂತ ಬಿಟ್ಟುಹೋದವರು ಬಹಳ. ಆದರೆ ಪ್ರಾಣಿಯನ್ನು ಓದಲು ಕಲಿಯುವುದು ಈ ಗಲೀಜಿನಲ್ಲೇ.

ಬೆಳಿಗ್ಗೆ ಹದ್ದಿನ ಪಂಜರದಿಂದ ಹಳೇ ಪೇಪರ್ ತೆಗೆಯುತ್ತೀರಿ ಅಂದುಕೊಳ್ಳಿ. ಸುಮ್ನೆ ಮುದುರಿ ಎಸೆಯಬೇಡಿ, ಬಿಡಿಸಿ ನೋಡಿ. ಚೆನ್ನಾಗಿರುವ ಹಕ್ಕಿಯ ಹಿಕ್ಕೆಯಲ್ಲಿ ಮೂರು ಭಾಗ ಕಾಣುತ್ತದೆ: ಕಪ್ಪೋ ಕಂದೋ ಬಣ್ಣದ ಗಟ್ಟಿ, ಸುಣ್ಣದಂಥ ಬಿಳಿ, ಸುತ್ತ ನೀರು. ಮಾಂಸ ತಿನ್ನುವ ಹಕ್ಕಿಯ ಹಿಕ್ಕೆ ಗಿಳಿಹಸಿರಾಗಿ ಅಂಟಂಟಾಗಿದ್ದರೆ ಅದರ ಹೊಟ್ಟೆಗೆ ಏನೂ ಹೋಗಿಲ್ಲ ಅಂತ ಮೊದಲ ಅನುಮಾನ ಬರಬೇಕು. ರಾತ್ರಿ ಇಟ್ಟ ಮಾಂಸದ ತುಂಡು ಮೂಲೆಯಲ್ಲಿ ಇದೆಯಾ ಅಂತ ಹುಡುಕಿ. ರಕ್ತದ ಕಲೆ, ಬಿದ್ದ ಗರಿ, ಹುಳ, ಏನು ಕಂಡರೂ ಪುಸ್ತಕದಲ್ಲಿ ಬರೆದು ವೈದ್ಯರಿಗೆ ತೋರಿಸಿ. ಎಷ್ಟೋ ಸಲ ಪ್ರಾಣಿ ಕಾಯಿಲೆ ಬಿದ್ದದ್ದು ಮೊದಲು ಗೊತ್ತಾಗುವುದು ಪೇಪರ್ ತೆಗೆದವರಿಗೇ.

ತೊಳೆಯುವುದಕ್ಕೂ ಕ್ರಮ ಇದೆ. ಮೊದಲು ಗಲೀಜು ಕೆರೆದು ತೆಗೆಯಿರಿ. ಆಮೇಲೆ ಸೋಪಿನ ನೀರು. ಆಮೇಲೆ ಬರೀ ನೀರು. ಕೊನೆಗೆ ಬ್ಲೀಚ್, ಕೇಂದ್ರದವರು ಹೇಳಿದ ಅಳತೆಯಲ್ಲಿ, ಹೇಳಿದಷ್ಟು ಹೊತ್ತು. ಮತ್ತೆ ನೀರು, ಬಿಸಿಲು. ಹಿಕ್ಕೆಯ ಮೇಲೇ ಬ್ಲೀಚ್ ಸುರಿದರೆ ಅದು ಕೆಲಸ ಮಾಡುವುದಿಲ್ಲ. ಬ್ಲೀಚ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಯಾವತ್ತೂ ಸೇರಿಸಬೇಡಿ, ಉಸಿರು ಕಟ್ಟಿಸುವ ವಿಷದ ಗಾಳಿ ಹುಟ್ಟುತ್ತದೆ. ಕೆಲಸವನ್ನು ಆರೋಗ್ಯವಾಗಿರುವ ಪ್ರಾಣಿಯ ಪಂಜರದಿಂದ ಶುರು ಮಾಡಿ, ಕಾಯಿಲೆಯವುಗಳ ವಾರ್ಡ್ ಕೊನೆಗೆ. ಇದನ್ನು ಉಲ್ಟಾ ಮಾಡಿದರೆ ನೀವೇ ರೋಗ ಹೊತ್ತು ತಿರುಗುತ್ತೀರಿ.

ತೂಕ ದಿನಾ ಒಂದೇ ಹೊತ್ತಿಗೆ, ಊಟಕ್ಕೆ ಮೊದಲು. ಅಳಿಲು ಮರಿಗೆ ಎರಡು ಗ್ರಾಂ ಕೂಡ ದೊಡ್ಡ ಸುದ್ದಿ. ಅಂದಾಜಿನಲ್ಲಿ ಬರೆಯಬೇಡಿ, ತಕ್ಕಡಿಯ ಅಂಕಿ ನಿಂತ ಮೇಲೆ ಬರೆಯಿರಿ.

ಹಂತ 6: ಫೋನ್ ಪಾಳಿ, ಮರಿಯನ್ನು ತರಬೇಕಾ ಬೇಡವಾ

ಎರಡನೇ ತಿಂಗಳು ಫೋನ್ ಕೊಡುತ್ತಾರೆ. ಇಲ್ಲಿ ನೀವು ಉಳಿಸುವ ಜೀವಗಳು ಪಂಜರದ ಒಳಗಿನವಕ್ಕಿಂತ ಜಾಸ್ತಿ. ಯಾಕಂದರೆ ಬೇಸಿಗೆಯಲ್ಲಿ 'ಅನಾಥ ಮರಿ' ಅಂತ ತರುವ ಎಷ್ಟೋ ಮರಿಗಳು ಅನಾಥವೇ ಅಲ್ಲ.

ಫೋನ್ ಮಾಡಿದವರಿಗೆ ಮೊದಲು ಫೋಟೋ ಕಳಿಸಲು ಹೇಳಿ. ಆಮೇಲೆ ಕೇಳಿ: ರಕ್ತ ಬರ್ತಿದೆಯಾ? ರೆಕ್ಕೆ ಜೋತು ಬಿದ್ದಿದೆಯಾ? ಬೆಕ್ಕು ಕಚ್ಚಿದ್ದು ನೋಡಿದ್ರಾ? ಮೈಮೇಲೆ ಇರುವೆ, ನೊಣದ ಮೊಟ್ಟೆ ಇದೆಯಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ತರಲು ಹೇಳಿ. ಬೆಕ್ಕಿನ ಹಲ್ಲು ತಾಗಿದ್ದರೆ ಗಾಯ ಸಣ್ಣದು ಅಂತ ಬಿಡಬೇಡಿ, ನಂಜು ಬೇಗ ಏರುತ್ತದೆ.

ಯಾವುದೂ ಇಲ್ಲದಿದ್ದರೆ ವಯಸ್ಸು ನೋಡಿ. ಮೈಮೇಲೆ ಪುಕ್ಕ ಇಲ್ಲದ, ಕಣ್ಣು ಬಿಡದ ಮರಿ ಗೂಡಿಗೆ ಸೇರಿದ್ದು. ಗೂಡು ಸಿಕ್ಕರೆ ಒಳಗಿಟ್ಟರೆ ಆಯಿತು. ಮನುಷ್ಯನ ಕೈ ವಾಸನೆಗೆ ತಾಯಿ ಬಿಟ್ಟುಹೋಗುತ್ತದೆ ಅನ್ನುವುದು ಸುಳ್ಳು. ಗೂಡೇ ಹಾಳಾಗಿದ್ದರೆ ತಳದಲ್ಲಿ ತೂತು ಮಾಡಿದ ಸಣ್ಣ ಬುಟ್ಟಿಯನ್ನು ಅದೇ ಮರಕ್ಕೆ ಕಟ್ಟಿಸಿ. ಇನ್ನು ಪೂರ್ತಿ ಪುಕ್ಕ ಬಂದು, ಬಾಲ ಮಾತ್ರ ಮೋಟಾಗಿ, ಕುಪ್ಪಳಿಸುತ್ತಾ ಇದ್ದರೆ ಅದು ಹಾರಲು ಕಲಿಯುತ್ತಿದೆ. ನೆಲದ ಮೇಲೆ ಒಂದೆರಡು ದಿನ ಇರುವುದು ಅದರ ಪಾಠ. ಬೆಕ್ಕು, ನಾಯಿ ಕಟ್ಟಿಹಾಕಿ, ಮರಿಯನ್ನು ಪೊದೆಯ ಮೇಲಿಟ್ಟು, ದೂರ ನಿಂತು ಎರಡು ಗಂಟೆ ನೋಡಲು ಹೇಳಿ. ಹತ್ತಿರ ನಿಂತರೆ ತಾಯಿ ಬರುವುದಿಲ್ಲ.

ಕೋಗಿಲೆ ಮರಿಯ ವಿಷಯದಲ್ಲಿ ಇನ್ನೂ ಹುಷಾರು. 'ಕಾಗೆಗಳು ಸುತ್ತುವರಿದಿವೆ, ಓಡಿಸಿದೆ' ಅನ್ನುತ್ತಾರೆ. ಕೋಗಿಲೆ ಮೊಟ್ಟೆ ಇಡುವುದೇ ಕಾಗೆ ಗೂಡಿನಲ್ಲಿ. ಆ ಕಾಗೆಯೇ ಅದಕ್ಕೆ ತುತ್ತು ಕೊಡುವ ಸಾಕುತಾಯಿ ಇರಬಹುದು. ಕುಕ್ಕುತ್ತಿದೆಯೋ ಉಣಿಸುತ್ತಿದೆಯೋ ಅಂತ ಮೊದಲು ನೋಡಲು ಹೇಳಿ.

ಹಾವಿನ ಫೋನ್ ಬಂದರೆ ಹೆಸರು ಗುರುತಿಸುವ ಉಸಾಬರಿ ಬೇಡ. ಕೇರೆಹಾವು ಅಂದುಕೊಂಡದ್ದು ನಾಗರಹಾವು ಆಗಿರಬಹುದು. ಜನರನ್ನು ದೂರ ನಿಲ್ಲಿಸಿ, ಒಬ್ಬರು ಕಣ್ಣಿಟ್ಟಿರಲಿ, ತರಬೇತಿ ಪಡೆದವರನ್ನು ಕಳಿಸಿ. ಸ್ವಯಂಸೇವಕರು ಹಾವು ಹಿಡಿಯಬಾರದು.

ಹಂತ 7: ಹಿಡಿಯುವುದು, ಸಾಗಿಸುವುದು

ಬೇಕಾದ್ದು ಮೂರೇ: ರಟ್ಟಿನ ಡಬ್ಬ, ದಪ್ಪ ಟವೆಲ್, ಟೇಪ್. ಗಾಳಿ ತೂತುಗಳನ್ನು ಪ್ರಾಣಿ ಒಳಗೆ ಹೋಗುವ ಮೊದಲೇ ಮಾಡಿ. ತಂತಿ ಪಂಜರ ಬೇಡ, ಹಕ್ಕಿ ಒದ್ದಾಡಿ ಗರಿ ಮುರಿದುಕೊಳ್ಳುತ್ತದೆ. ರೆಕ್ಕೆಯ ಗರಿ ಮುರಿದರೆ ಹೊಸದು ಬರುವವರೆಗೆ ತಿಂಗಳುಗಟ್ಟಲೆ ಅದು ನಿಮ್ಮಲ್ಲೇ ಉಳಿಯಬೇಕು.

ಯಾವ ಪ್ರಾಣಿ ಎಲ್ಲಿಂದ ಗಾಯ ಮಾಡುತ್ತದೆ ಅಂತ ತಿಳಿದಿರಲಿ. ಹದ್ದು, ಗೂಬೆಗೆ ಕಾಲುಗುರು. ಗಿಳಿಗೆ ಕೊಕ್ಕು. ಬೆಳ್ಳಕ್ಕಿ, ಕೊಕ್ಕರೆ ನೇರವಾಗಿ ಕಣ್ಣಿಗೇ ಗುರಿ ಇಟ್ಟು ಕುಕ್ಕುತ್ತವೆ. ಕನ್ನಡಕ ಹಾಕದೆ, ತಲೆಯನ್ನು ಹಿಡಿತಕ್ಕೆ ತಗೊಳ್ಳದೆ ಅವನ್ನು ಎತ್ತಬೇಡಿ.

ಹದ್ದನ್ನು ಹಿಡಿಯುವ ಕ್ರಮ: ಹಿಂದಿನಿಂದ ಟವೆಲ್ ಹಾಕಿ, ತಲೆ ಮುಚ್ಚಲಿ. ಕತ್ತಲಾದ ಕೂಡಲೇ ಅದು ಸುಮ್ಮನಾಗುತ್ತದೆ. ರೆಕ್ಕೆಯನ್ನು ಮೈಗೆ ಅಂಟಿಸಿ ಒತ್ತಿ. ಆಮೇಲೆ ಎರಡೂ ಕಾಲು ಒಂದೇ ಕೈಯಲ್ಲಿ. ಎದೆ ಅಮುಕಬೇಡಿ, ಹಕ್ಕಿಗೆ ಎದೆ ಎದ್ದು ಇಳಿಯದಿದ್ದರೆ ಉಸಿರೇ ಇಲ್ಲ.

ಗಾಳಿಪಟದ ಮಾಂಜಾ ಸುತ್ತಿಕೊಂಡ ಹದ್ದು ಆಷಾಢದ ಗಾಳಿಯಲ್ಲಿ ಪದೇ ಪದೇ ಬರುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ, ಆದರೂ ಮರಗಳಲ್ಲಿ ಜೋತಾಡುತ್ತಲೇ ಇದೆ. ಹದ್ದಿನ ಭುಜದಿಂದ ರೆಕ್ಕೆಯ ಮಣಿಕಟ್ಟಿನವರೆಗೆ ತೆಳ್ಳಗಿನ ಚರ್ಮದ ಪೊರೆ ಇದೆ. ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವಷ್ಟು ತೆಳು. ದಾರ ಕೊಯ್ಯುವುದು ಹೆಚ್ಚಾಗಿ ಅದನ್ನೇ. ಹೊಸಬರು ಪಾಪ ಅಂತ ದಾರ ಎಳೆಯುತ್ತಾರೆ. ಎಳೆದಷ್ಟೂ ಅದು ಗರಗಸದ ಹಾಗೆ ಒಳಗೆ ಇಳಿಯುತ್ತದೆ. ಮರದ ಕಡೆಯ ದಾರವನ್ನು ಒಂದು ಗೇಣು ಬಿಟ್ಟು ಕತ್ತರಿಸಿ. ಮೈಮೇಲಿನದು ಹಾಗೇ ಇರಲಿ, ಡಬ್ಬಕ್ಕೆ ಹಾಕಿ ತನ್ನಿ. ಬಿಡಿಸುವುದು ವೈದ್ಯರ ಕೆಲಸ.

ದಾರಿಯಲ್ಲಿ ನೀರು ಕುಡಿಸಬೇಡಿ. ಹಕ್ಕಿಯ ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ತೆರೆದುಕೊಳ್ಳುತ್ತದೆ. ಬಾಯಿಗೆ ಸುರಿದ ನೀರು ನೇರ ಶ್ವಾಸಕೋಶಕ್ಕೆ. ಡಬ್ಬದೊಳಗೆ ನೀರಿನ ಬಟ್ಟಲೂ ಬೇಡ, ಚೆಲ್ಲಿ ಮೈ ಒದ್ದೆಯಾಗುತ್ತದೆ. ಕಾರಲ್ಲಿ ಹಾಡು ಹಾಕಬೇಡಿ, ಮುಚ್ಚಳ ತೆಗೆದು ನೋಡುತ್ತಾ ಇರಬೇಡಿ. ಜಿಂಕೆ, ಮೊಲದಂಥ ಪ್ರಾಣಿಗಳು ಗಾಯಕ್ಕಲ್ಲ, ಬರೀ ಗಾಬರಿಗೇ ಸಾಯುತ್ತವೆ.

ಹಂತ 8: ಮರಿಗೆ ಉಣಿಸುವುದು

ಇಲ್ಲಿ ಕ್ರಮ ತಪ್ಪಿದರೆ ಜೀವವೇ ಹೋಗುತ್ತದೆ. ಬೆಚ್ಚಗೆ, ನೀರಿನಂಶ, ಆಹಾರ. ಈ ಮೂರೂ ಇದೇ ವರಸೆಯಲ್ಲಿ.

ನನ್ನ ಮೊದಲ ವರ್ಷ ಒಂದು ಅಳಿಲು ಮರಿ ಬಂತು. ಗುಲಾಬಿ ಬಣ್ಣ, ಹೆಬ್ಬೆರಳಿನಷ್ಟು, ಬೆನ್ನ ಮೇಲೆ ಮೂರು ಗೆರೆ ಆಗಷ್ಟೇ ಮೂಡುತ್ತಿತ್ತು. ಕೈಗೆ ತಣ್ಣಗೆ ಹತ್ತುತ್ತಿತ್ತು. ಹಸಿದಿದೆ ಅಂತ ತಕ್ಷಣ ಹಾಲು ಕೊಟ್ಟೆ. ಚೂರು ಕುಡಿಯಿತು, ನನಗೆ ಖುಷಿಯಾಯಿತು. ಸಂಜೆ ಹೊಟ್ಟೆ ಉಬ್ಬಿ ಸತ್ತುಹೋಯಿತು. ಮೈ ತಣ್ಣಗಿರುವ ಮರಿಗೆ ಹಾಲು ಅರಗುವುದಿಲ್ಲ ಅಂತ ಆಮೇಲೆ ವೈದ್ಯರು ಹೇಳಿದರು. ಈಗಲೂ ತಣ್ಣಗಿನ ಮರಿ ಕೈಗೆ ಬಂದರೆ ಅದೇ ನೆನಪಾಗುತ್ತದೆ.

ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬದ ಅರ್ಧ ಭಾಗಕ್ಕೆ ಮಾತ್ರ ಇಡಿ. ಸೆಕೆಯಾದರೆ ಮರಿ ಆಚೆ ಸರಿಯಲು ಜಾಗ ಬೇಕು. ಮೈ ಬೆಚ್ಚಗಾದ ಮೇಲೆ ವೈದ್ಯರು ಹೇಳಿದ ದ್ರವ. ಅದು ಅರಗಿದ ಮೇಲೆ ಅವರು ಹೇಳಿದ ಹಾಲಿನ ಪುಡಿ. ಹಸುವಿನ ಹಾಲು ಕೊಡಬೇಡಿ, ಭೇದಿಯಾಗುತ್ತದೆ. ಸೂಜಿ ತೆಗೆದ ಸಣ್ಣ ಸಿರಿಂಜ್ ಹಿಡಿದು, ಮರಿಯನ್ನು ಹೊಟ್ಟೆ ಕೆಳಗಾಗಿ ಇಟ್ಟು ಹನಿ ಹನಿಯಾಗಿ. ಮಗುವಿನ ಹಾಗೆ ಅಂಗಾತ ಮಲಗಿಸಬೇಡಿ. ಮೂಗಿನಲ್ಲಿ ಗುಳ್ಳೆ ಬಂದರೆ ತಕ್ಷಣ ನಿಲ್ಲಿಸಿ, ತಲೆ ತಗ್ಗಿಸಿ, ಒರೆಸಿ, ವೈದ್ಯರನ್ನು ಕರೆಯಿರಿ. ಕಣ್ಣು ಬಿಡದ ಮರಿಗೆ ಪ್ರತಿ ಸಲ ಉಣಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಮೆತ್ತಗೆ ಒರೆಸಬೇಕು. ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು. ಮಾಡದಿದ್ದರೆ ಉಚ್ಚೆ ಕಟ್ಟುತ್ತದೆ.

ಹಂತ 9: ಪ್ರೀತಿ ತೋರಿಸದೆ ಪ್ರೀತಿಸುವುದು

ಕಷ್ಟದ ಹಂತ ಇದೇ. ಮರಿ ನಿಮ್ಮ ದನಿಗೆ ಕತ್ತೆತ್ತಿದಾಗ ಎದೆ ತುಂಬುತ್ತದೆ, ಅಲ್ವಾ? ಅದೇ ಅಪಾಯದ ಗುರುತು. ಮನುಷ್ಯನ ಭಯ ಹೋದ ಕೋತಿ ಹೊರಗೆ ಹೋಗಿ ಯಾರದೋ ಅಡುಗೆಮನೆಗೆ ನುಗ್ಗುತ್ತದೆ, ಕಲ್ಲೇಟು ತಿನ್ನುತ್ತದೆ. ಮನುಷ್ಯನನ್ನೇ ತಾಯಿ ಅಂದುಕೊಂಡ ಗೂಬೆ ಇನ್ನೊಂದು ಗೂಬೆಯ ಜೊತೆ ಬಾಳಲಾರದು.

ಹಾಗಾಗಿ ವಾರ್ಡ್‌ನಲ್ಲಿ ಮಾತಿಲ್ಲ. ಹೆಸರಿಡುವುದಿಲ್ಲ, ನಂಬರ್ ಮಾತ್ರ. ಒಂದೇ ಜಾತಿಯ ಮರಿಗಳನ್ನು ಒಟ್ಟಿಗೆ ಬೆಳೆಸುತ್ತೇವೆ. ಉಣಿಸಿದ ಕೂಡಲೇ ಪರದೆ ಎಳೆಯಬೇಕು. ಸೆಲ್ಫಿ ಬೇಡವೇ ಬೇಡ. ನೀವು ಹಾಕಿದ ಫೋಟೋ ನೋಡಿ ಇನ್ನೊಬ್ಬರು ಗೂಬೆ ಮರಿ ಸಾಕಲು ಹುಡುಕುತ್ತಾರೆ.

ಎಲ್ಲವೂ ಉಳಿಯುವುದಿಲ್ಲ. ಕೆಲವಕ್ಕೆ ನೋವಿಲ್ಲದ ಸಾವು ಕೊಡುವುದೇ ಸರಿ ಅಂತ ವೈದ್ಯರು ನಿರ್ಧರಿಸುತ್ತಾರೆ. ಆ ದಿನ ಅತ್ತರೆ ನಾಚಿಕೆ ಬೇಡ, ನಾವೂ ಅತ್ತಿದ್ದೇವೆ. ಆದರೆ ರಾತ್ರಿ ನಿದ್ದೆ ಬರದಿದ್ದರೆ, ಪಾಳಿಯ ಹಿಂದಿನ ದಿನವೇ ಹೊಟ್ಟೆ ಕಲಸಿದ ಹಾಗಾದರೆ, ಮನೆಯವರ ಮೇಲೆ ಸಿಡುಕುವುದು ಜಾಸ್ತಿಯಾದರೆ ಎರಡು ವಾರ ಬಿಡುವು ಕೇಳಿ. ಅಥವಾ ಹಣ್ಣು ಕತ್ತರಿಸುವ, ಲೆಕ್ಕ ಬರೆಯುವ ಪಾಳಿ ಕೇಳಿ ತಗೊಳ್ಳಿ.

ಹಂತ 10: ಬಿಡುಗಡೆ

ಗಾಯ ಮಾಯ್ದ ಕೂಡಲೇ ಬಿಡುವ ಹಾಗಿಲ್ಲ. ಹದ್ದು ದೊಡ್ಡ ಪಂಜರದ ಈ ತುದಿಯಿಂದ ಆ ತುದಿಗೆ ಏದುಸಿರು ಬಿಡದೆ ಹಾರಿ ತಿರುಗಬೇಕು. ತೂಕ ಸರಿ ಇರಬೇಕು. ಮನುಷ್ಯ ಬಂದರೆ ದೂರ ಹೋಗಬೇಕು. ಕೈಯಲ್ಲಿ ಬೆಳೆದ ಅಳಿಲು ಕಾಯಿ ಒಡೆದು ತಿನ್ನಬೇಕು, ನೆರಳು ಕಂಡರೆ ಅಡಗಬೇಕು.

ದೊಡ್ಡ ಪ್ರಾಣಿ, ಹಕ್ಕಿಗಳು ಸಿಕ್ಕ ಜಾಗದ ಹತ್ತಿರವೇ, ಅರಣ್ಯ ಇಲಾಖೆಗೆ ತಿಳಿಸಿಯೇ ಬಿಡುತ್ತೇವೆ. ಕಾಡು ಚೆಂದ ಅಂತ ಊರಿನ ಹದ್ದನ್ನು ನಾಗರಹೊಳೆಗೆ ಒಯ್ಯಬೇಡಿ, ಅದಕ್ಕೆ ಗೊತ್ತಿರುವ ನೀರು, ಮರ, ಊಟ ಎಲ್ಲ ಇಲ್ಲೇ ಇದೆ. ಹಗಲು ಹಕ್ಕಿಯನ್ನು ಬೆಳಿಗ್ಗೆ ಬಿಡಿ, ಗೂಬೆಯನ್ನು ಮಬ್ಬುಗತ್ತಲಾದ ಮೇಲೆ. ಹಗಲಲ್ಲಿ ಬಿಟ್ಟರೆ ಕಾಗೆಗಳು ಅಟ್ಟಿಸಿಕೊಂಡು ಕುಕ್ಕುತ್ತವೆ. ಮಳೆ ಮೋಡ ಇದ್ದರೆ ಮುಂದೂಡಿ.

ಮೇಲಕ್ಕೆ ಎಸೆಯಬೇಡಿ. ಡಬ್ಬವನ್ನು ಎತ್ತರದ ಕಟ್ಟೆಯ ಮೇಲಿಟ್ಟು, ಬಾಯಿ ತೆರೆದು, ಹತ್ತು ಹೆಜ್ಜೆ ಹಿಂದೆ ನಿಲ್ಲಿ. ಕೆಲವು ತಕ್ಷಣ ಹೋಗುತ್ತವೆ. ಕಳೆದ ವರ್ಷ ಒಂದು ಹದ್ದು ಇಪ್ಪತ್ತು ನಿಮಿಷ ಡಬ್ಬದ ಅಂಚಿನಲ್ಲೇ ಕೂತಿತ್ತು. ಗಾಳಿ ಬಂದಾಗ ರೆಕ್ಕೆ ಬಿಚ್ಚಿತು, ಹೊಲಿದ ಪೊರೆ ಒಂದು ಕ್ಷಣ ಬಿಸಿಲಿಗೆ ಕಂಡಿತು, ಹೋಯಿತು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಅರ್ಧ ಗಂಟೆ ಕಾದರೂ ಹಾರದಿದ್ದರೆ, ನೆಲಕ್ಕೆ ಇಳಿದು ಕೂತರೆ, ಹಿಡಿದು ವಾಪಸ್ ತನ್ನಿ. ಅದು ಸೋಲಲ್ಲ, ಇನ್ನೊಂದು ವಾರ ಬೇಕು ಅಷ್ಟೇ.

ವಾಪಸ್ ಬಂದ ಮೇಲೆ ನಂಬರ್ ಎದುರು ದಿನಾಂಕ, ಹೊತ್ತು, ಜಾಗ, ಕೊನೆಯ ತೂಕ ಬರೆಯಿರಿ. ಟವೆಲ್ ಬಿಸಿನೀರಿಗೆ ಹಾಕಿ. ಪಂಜರ ಕೆರೆದು, ಸೋಪು, ನೀರು, ಬ್ಲೀಚ್, ನೀರು. ಬಿಸಿಲಲ್ಲಿ ಒಣಗಲು ಇಟ್ಟು ಹೊಸ ಪೇಪರ್ ಮಡಚಿಡಿ, ಮಧ್ಯಾಹ್ನದೊಳಗೆ ಇನ್ನೊಂದು ಡಬ್ಬ ಬರುತ್ತದೆ.